ಇಂಗಿನ ಮನೆತನದ ಬಳ್ಳಿ

ನಾಸಿಕದ ಸಾತಪುರದಲ್ಲಿ ನಟ್‌ಬೋಲ್ಟ್ ಮಾರುವ ಮನ್ಮಥಪ್ಪ ಇಂಗಿನ ಅವರಿಗೆ ಮಗಳು ರೂಪಾ ಕನ್ನಡ ಟೈಪಿಂಗ್ ಕಲಿಸಿದ್ದೇ ತಡ, ಬೀದರ್ ಕಡೆಯ ತಮ್ಮೂರಲ್ಲಿ ಬಾವಿ ತೋಡಿಸಿದ ಮುತ್ತಜ್ಜನ ಮೇಲೆ ಅಂತರ್ಜಾಲದ ವಿಶ್ವಕೋಶದಲ್ಲಿ ಒಂದು ಪುಟ ಬರೆದುಬಿಟ್ಟರು. ಯಾರೇ ‘ಇಂಗಿನ’ ಎಂದು ಹುಡುಕಿದರೂ ನೇರ ಆ ಬಾವಿಗೇ ಬಂದು ಬೀಳಬೇಕು ಎಂಬುದು ಅವರ ಆಸೆ.

ಔರಂಗಾಬಾದಿನಲ್ಲಿ ಸಂಗಮನಾಥ ಇಂಗಿನ ಎಂಬ ಬ್ಯಾಂಕ್ ಮ್ಯಾನೇಜರ್ ಇದ್ದರು, ಕಲಬುರ್ಗಿ ಕಡೆಯವರು. ಅವರಿಗೂ ಒಬ್ಬ ಮುತ್ತಜ್ಜ, ಕುಸ್ತಿ ಪೈಲ್ವಾನ. ಅವನಿಗೂ ಒಂದು ಪುಟ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದುತ್ತ ಹೋದದ್ದರಿಂದ ‘ಇಂಗಿನ’ ಎಂಬ ಹೆಸರು ಬೆಳಿಗ್ಗೆ ಬಾವಿಗೆ ಹೋದರೆ ಸಂಜೆ ಅಖಾಡಕ್ಕೆ ಹೋಗುತ್ತಿತ್ತು.

ತಿದ್ದುವವರು ವಾದಿಸಲೆಂದೇ ಇರುವ ಚರ್ಚಾಪುಟದಲ್ಲಿ ಮನ್ಮಥಪ್ಪ ಬರೆದರು: “ಇಂಗಿನ ಎಂಬವರೆಲ್ಲ ಒಂದೇ ಬಳ್ಳಿ. ಬೇರು ನಾವು, ಟೊಂಗೆ ನೀವು.”

ಸಂಗಮನಾಥ ಉತ್ತರಿಸಿದರು: “ಒಂದೇ ಬಳ್ಳಿ, ಒಪ್ಪಿದೆ. ಬೇರು ನಾವು.”

ಎದುರಾಳಿ ಅರ್ಧ ಸೋತನೆಂದು ಹಿಗ್ಗಿದ ಮನ್ಮಥಪ್ಪ ಅದನ್ನು ಪ್ರಿಂಟ್ ತೆಗೆದು ಬಂಧುಗಳಿಗೆಲ್ಲ ಹಂಚಿದರು.

ಆಮೇಲೆ ಒಂದು ಭಾನುವಾರ ರೂಪಾ ಹೇಳಿದಳು, “ಅಪ್ಪಾ, ಕಾಲೇಜಿನಾಗ ನನ್ನ ಜೋಡಿ ಉತ್ಕರ್ಷ ಅಂತ ಇದ್ದ. ಅವನ್ನ ಲಗ್ನ ಆಗ್ತೀನಿ.”

“ಅಡ್ಡಹೆಸರು ಏನವ್ವಾ?”

“ಇಂಗಿನ. ಆ ಪೈಲ್ವಾನರ ಮನಿ ಸಂಗಮನಾಥರ ಮಗ.”

ಮನ್ಮಥಪ್ಪ ಇಂಗು ತಿಂದ ಮಂಗನಂತೆ ಕೂತರು. ಮಗಳ ಮುಖ ನೋಡಿ ಒಪ್ಪಿದರು. ಒಪ್ಪದವರು ಅವರ ಅಕ್ಕ ಪಾರ್ವತಿಬಾಯಿ. ಒಂದೇ ಬೆಡಗಿನವರು, ಅಂದರೆ ಒಂದೇ ಮೂಲದ ಕುಲದವರು, ಅವರ ಲೆಕ್ಕದಲ್ಲಿ ಒಡಹುಟ್ಟಿದವರು, ಕೊಟ್ಟು ತರುವಂತಿಲ್ಲ.

“ಅವ್ರ ಬೆಡಗ ಬ್ಯಾರೆ ಇರ್ತದ ಅಕ್ಕಾ.”

“ಬಾಯಿಲೆ ಬ್ಯಾರೆ ಅಂತಿ, ಕಾಗದದ ಮ್ಯಾಲ ಒಂದೇ ಬಳ್ಳಿ ಅಂತಿ. ಊರಿಗೆಲ್ಲ ಹಂಚಿದಿ. ನಾಳಿಗಿ ಮಂದಿ ಅಣ್ಣ-ತಂಗಿ ಲಗ್ನ ಅಂದ್ರ ಈ ಪೋರಿ ಎಲ್ಲಿ ಮುಖ ಇಡಬೇಕು? ಎಲ್ಲಿ ಬರ್ದಿಯೋ ಅಲ್ಲೇ ಅಳಿಸು. ಅಲ್ಲೀತನಕ ಈ ಲಗ್ನದ ಮಾತು ನನ್ನ ಮುಂದ ಎತ್ತಬ್ಯಾಡ.”

ಮನ್ಮಥಪ್ಪ ಮೊದಲ ಸಲ ಎದುರಾಳಿಗೆ ಫೋನ್ ಮಾಡಿದರು.

“ನಮಸ್ಕಾರ್ರಿ. ನಾವು ಬಾವಿ ಕಡೀವ್ರು.”

“ಹೇಳ್ರಿ. ಮನಿಯಾಗ ನಮ್ಮ ತಾಯೀನೂ ನೀವು ಹಂಚಿದ ಪ್ರಿಂಟ್ ಹಿಡ್ಕೊಂಡು, ಲಗ್ನ ಬ್ಯಾಡ ಅಂತ ಕುಂತಾರ.”

ಬೆಡಗು ಕೇಳಿಕೊಂಡರು. ಬೇರೆ ಬೇರೆ. ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟರು.

“ಹಂಗಿದ್ರ ಒಂದೇ ಬಳ್ಳಿ ಅಲ್ಲ ಅಂತ ಮೊದಲ ನೀವು ಬರೀರಿ,” ಎಂದರು ಸಂಗಮನಾಥ.

“ಛೇ, ನೀವು ಗಂಡಿನ ಕಡೀವ್ರು. ಮೊದಲ ಮಾನ ನಿಮಗ.”

ರೂಪಾ ಫೋನನ್ನು ಸ್ಪೀಕರಿಗೆ ಹಾಕಿದಳು. “ಇಬ್ರೂ ಟೈಪ್ ಮಾಡ್ರಿ. ನಾ ಮೂರು ಅಂದ ಕೂಡ್ಲೆ ಒತ್ರಿ.”

ಒತ್ತಿದರು. ಒಂದೇ ಪುಟಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕಿದರೆ ವಿಶ್ವಕೋಶ ಒಬ್ಬರದನ್ನೇ ಉಳಿಸುತ್ತದೆ. ಮನ್ಮಥಪ್ಪನ ಸೋಲು ಉಳಿಯಿತು.



“ನಂದು ತಗೊಳ್ಳಲಿಲ್ರಿ,” ಎಂದ ಸಂಗಮನಾಥರ ದನಿಯಲ್ಲಿ ದುಃಖ ಅಷ್ಟೇನೂ ಇರಲಿಲ್ಲ.

“ಇನ್ನೊಮ್ಮೆ ಒತ್ರಿ, ಮಾಮಾ,” ಎಂದಳು ರೂಪಾ.

ಸೊಸೆಯಾಗುವವಳಿಂದ ಮಾಮಾ ಎಂದು ಕರೆಸಿಕೊಂಡ ಮೇಲೆ ಒತ್ತದೆ ವಿಧಿಯಿರಲಿಲ್ಲ.

ಈಗ ‘ಇಂಗಿನ’ ಎಂದು ಹುಡುಕಿದರೆ ಬಾವಿಯೂ ಇಲ್ಲ, ಅಖಾಡವೂ ಇಲ್ಲ. ಎರಡಕ್ಕೂ ದಾರಿ ತೋರಿಸುವ ಪುಟ್ಟ ಪುಟ. ಕೆಳಗೊಂದು ಸಾಲು: “ಈ ಎರಡು ಮನೆತನಗಳಿಗೆ ಯಾವುದೇ ಸಂಬಂಧವಿಲ್ಲ.” ಪಾರ್ವತಿಬಾಯಿ ಅದನ್ನು ಪ್ರಿಂಟ್ ತೆಗೆಸಿ ಬಂಧುಗಳಿಗೆಲ್ಲ ಹಂಚಿಸಿದ ಮೇಲೆಯೇ ನಿಶ್ಚಯಕ್ಕೆ ಹೊರಟಿದ್ದು.

ನಿಶ್ಚಯವಾದ ಮರುದಿನ ಚರ್ಚಾಪುಟದಲ್ಲಿ ಸಂಗಮನಾಥರ ಬರಹ: “ಬೀಗರೇ, ಆ ಸಾಲು ಈಗ ಸುಳ್ಳಾಯಿತಲ್ಲ. ತೆಗೆಯಲೇ?”

ಮನ್ಮಥಪ್ಪ ಗಾಬರಿಯಿಂದ ಟೈಪಿಸಿದರು: “ಅಕ್ಷತೆ ಬೀಳೋತನಕ ಮುಟ್ಟಬ್ಯಾಡ್ರಿ. ಅಕ್ಕ ದಿನಾ ನೋಡ್ತಾಳ.”