ಒಳಬೆಡಗಿನ ಮರಿ

ಮಧುಗಿರಿ ಬೆಟ್ಟದ ಮೇಲೆ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಸುಳ್ಳಾದರೆ ಆ ಬೆಟ್ಟ ನನ್ನ ಮೇಲೇ ಉರುಳಲಿ. ನನ್ನ ಮನೆ ಅದರ ಬುಡದಲ್ಲೇ ಇದೆ.

ನನ್ನ ಹೆಂಡತಿಯ ತಾಯಿ ಬೊಮ್ಮಕ್ಕ, ಗಂಡ ಸತ್ತ ಮೇಲೆ ನಲವತ್ತು ಕುರಿ ನಂಬಿ ಬದುಕಿದವಳು. ಹಿಂಡಿಗೆಲ್ಲ ಒಂದೇ ಟಗರು, ಅದೂ ಊರ ಮಾರಮ್ಮನಿಗೆ ಮೀಸಲು ಬಿಟ್ಟದ್ದು. ಮೀಸಲು ಟಗರನ್ನು ಮಾರುವಂತಿಲ್ಲ, ಬೀಜ ಒಡೆಸುವಂತಿಲ್ಲ. ಜಾತ್ರೆಯಲ್ಲಿ ಅಮ್ಮನಿಗೇ ಒಪ್ಪಿಸಬೇಕು. ಪ್ಲೇಗು ಬಂದು ನಾಲ್ಕು ವರ್ಷ ಜಾತ್ರೆಯೇ ನಡೆಯಲಿಲ್ಲ. ಹಿಂಡಿನಲ್ಲೇ ಉಳಿದ ಟಗರು ತನ್ನ ಹೆಣ್ಣುಮಕ್ಕಳಿಗೆ, ಕೊನೆಗೆ ಮೊಮ್ಮಕ್ಕಳಿಗೂ ಗಂಡನಾಯಿತು.

ಮರಿಗಳು ಬಡವಾದವು. ಎಷ್ಟು ಹಗುರವೆಂದರೆ, ಆಷಾಢದ ಗಾಳಿಗೆ ಒಂದು ಹಾರಿಹೋಗಿ ಕೊರಟಗೆರೆಯಲ್ಲಿ ಇಳಿಯಿತು. ನಾನೇ ಹೋಗಿ ಹೊತ್ತು ತಂದೆ. ನಗಬೇಡಿ, ಆ ವರ್ಷದ ಹದಿನಾರರಲ್ಲಿ ಹನ್ನೊಂದು ಸತ್ತವು. ಇನ್ನೊಂದು ಸೂಲು ಹೀಗಾದರೆ ಬೊಮ್ಮಕ್ಕನ ಹಿಂಡು ಮುಗಿದಂತೆ.

"ಯಾರೋ ಕಣ್ಣು ಹಾಕವ್ರೆ ಕಣತ್ಗೆ," ಎಂದ ಅವಳ ಮೈದುನ ಪೆದ್ದಣ್ಣ.

"ಕಣ್ಣೂ ಇಲ್ಲ, ಮಣ್ಣೂ ಇಲ್ಲ," ಎಂದಳು ಬೊಮ್ಮಕ್ಕ. "ಲೇ, ನಿನ್ ಮಗ್ಳಿಗೆ ಗಂಡು ನೋಡಾಗ ಮೊದ್ಲು ಏನ್ ಕೇಳ್ದೆ?"

"ಕುಲದಾಗೆ ಬೆಡಗು ಯಾವ್ದು ಅಂತ. ಒಂದೇ ಬೆಡಗಾದ್ರೆ ಅಣ್ಣ-ತಂಗಿ ಆಯ್ತಾರಲ್ಲ."

"ಮತ್ತೆ ಈ ಮರಿಗಳ್ದು? ಅಪ್ಪಾನೂ ಅದೇ, ತಾತಾನೂ ಅದೇ. ಇವು ಒಳಬೆಡಗಿನ ಮರಿ ಕಣ್ಲಾ! ಹೊರಗ್ಲ ರಕ್ತ ಬರ್ದೆ ಹೆಂಗ್ ಗಟ್ಟಿಯಾದಾವು?"

"ನಾವೂ ಸ್ವಾದರಮಾವನ್ನ ಮಾಡ್ಕಳಾಕಿಲ್ವಾ?"

"ಸ್ವಾದರಮಾವನ್ ಬೆಡಗೇ ಬ್ಯಾರೆ. ಅಪ್ಪನ್ನ ಯಾರ್ಲಾ ಮಾಡ್ಕಂಡವ್ರೆ?"

ಪೆದ್ದಣ್ಣ ಕೆಮ್ಮಿದ. "ಆದ್ರೂ ಅಮ್ಮನ್ ಟಗರು. ಮಾರಿದ್ರೆ ಊರೋರು ಬುಟ್ಟಾರಾ?"

"ಮಾರೋರ್ಯಾರು? ಮನೆ ಅಳಿಯ ಅಂತ ಕಳಿಸ್ತೀನಿ."

ತೋವಿನಕೆರೆಯ ಪಾಲಣ್ಣನ ಹಟ್ಟಿಯಲ್ಲೂ ಇಂಥದ್ದೇ ಮೀಸಲು ಟಗರು, ಇಂಥವೇ ಮರಿಗಳು. ಪೂಜಾರಿ ಅಡವಯ್ಯ ಅಮ್ಮನ ಮುಂದೆ ಹೂ ಕೇಳಿದ, ಬಲಗಡೆ ಬಿತ್ತು. ಜಾತ್ರೆ ನಡೆದಾಗ ಅವರವರ ಟಗರು ಅವರವರ ಊರಿಗೆ ಎಂದು ಮಾತಾಗಿ, ಎರಡಕ್ಕೂ ಅರಿಶಿನ ಹಚ್ಚಿ ಅದಲುಬದಲು ಮಾಡಿದರು. ನಮ್ಮ ಟಗರು ಹೊರಟಾಗ ಹೆಣ್ಣು ಕುರಿಗಳು ಅತ್ತ ಕಣ್ಣೀರಿಗೆ ಒಣಗಿದ್ದ ಕಟ್ಟೆ ತುಂಬಿ ಕೋಡಿ ಬಿತ್ತು.

ಮುಂದಿನ ಸೂಲಿಗೆ ಇಪ್ಪತ್ತೊಂದು ಮರಿ! ಹುಟ್ಟಿದ ಗಳಿಗೆಗೇ ಎದ್ದು ಮೊಲೆ ಹುಡುಕಿದವು. ಒಂದೊಂದನ್ನೂ ಎತ್ತಿ ಎತ್ತಿ ಬೊಮ್ಮಕ್ಕನ ಕೈ ಸೋತಿತು. ಸೋತ ಕೈಯನ್ನೇ ಊರಿಗೆಲ್ಲ ತೋರಿಸಿಕೊಂಡು ನಗುತ್ತಿದ್ದಳು.

ಅಂದಿನಿಂದ ನಮ್ಮಲ್ಲಿ ಅಪ್ಪ-ಮಗಳು, ಅಣ್ಣ-ತಂಗಿ ಕೂಡಿ ಹುಟ್ಟಿದ ಮರಿಗೆ, ಕರುವಿಗೆ, ಒಳಬೆಡಗು ಎಂದೇ ಹೆಸರು. ಮೇವಿಲ್ಲದೆ ಬಡವಾದದ್ದಕ್ಕೆ ಹಾಗೆನ್ನಬೇಡಿ. ಅದಕ್ಕೆ ಬೇಕಾದ್ದು ಟಗರಲ್ಲ, ಸೊಪ್ಪು.

ಈಗ ನನ್ನ ಹಿಂಡಿಗೆ ಟಗರು ಬಂದೂ ಮೂರು ವರ್ಷವಾಯಿತು, ಅದರ ಹೆಣ್ಣುಮಕ್ಕಳು ಬೆದೆಗೆ ಬಂದಿವೆ. ನಿಮ್ಮ ಹಟ್ಟಿಯಲ್ಲಿ ಪಾವಗಡದ ಕಡೆಯಿಂದ ಬಂದ ಕರಿ ಟಗರಿದೆಯಲ್ಲ, ನಾಳೆ ಬೆಳಿಗ್ಗೆ ಹೊಡೆದುಕೊಂಡು ಬನ್ನಿ. ಗಂಡಿನ ಕಡೆಯವರಿಗೆ ಊಟ ನಮ್ಮದು. ಗಂಡಿನ ಮೇವು ಮಾತ್ರ ನೀವೇ ತರಬೇಕು.