ಅಳಿಸತಕ್ಕದ್ದು

“ಯಾವಳೇ ಅವಳು, ಸರ್ಕಾರದ ಗೋಡೆಗೆ ಈ ಮುಸುಡಿಗಳನ್ನ ಮೆತ್ತಿದ ಮುಂಡೇದು?”

ನಗರಸಭೆಯ ಸಾಹೇಬರು ಅಷ್ಟು ಕೂಗಿದರೂ, ಮೇಲ್ಸೇತುವೆಯ ಕೆಳಗೆ ಕಸ ಗುಡಿಸುತ್ತಿದ್ದ ಬಣ್ಣಕ್ಕ ಪೊರಕೆ ನಿಲ್ಲಿಸಲಿಲ್ಲ. “ಮುಂಡೇದು ಇಲ್ಲೇ ಇದೆ ಸಾಹೇಬ್ರೇ.”

ಜನ ಎಸೆದ ಡಬ್ಬಿಗಳ ತಳ ಕೆರೆದು ಕೆರೆದು, ಸಿಕ್ಕ ಬಣ್ಣದಲ್ಲಿ ಅವಳು ಆ ಗೋಡೆಯ ಮೇಲೆ ತನ್ನ ಅವ್ವನದೂ ಸೇರಿ ಹದಿನಾಲ್ಕು ಕಸದವರ ಮುಖ ಬರೆದಿದ್ದಳು. ಅಲ್ಲಿಯವರೆಗೆ ಅದು ಊರ ಗಂಡಸರೆಲ್ಲ ಸಾಲಾಗಿ ನಿಂತು ಉಚ್ಚೆ ಹೊಯ್ಯುವ ಗೋಡೆ. ಈಗ ಯಾರಿಗೂ ಧೈರ್ಯವಿಲ್ಲ. ನಟ್ಟನಡುವೆ ಅವ್ವ ಕಣ್ಣು ಕೆಕ್ಕರಿಸಿ ನೋಡುತ್ತಾಳೆ. ಮೂವತ್ತು ವರ್ಷ ಈ ಬೀದಿ ಗುಡಿಸಿ ಸತ್ತವಳು. ಒಂದು ಫೋಟೋ ಕೂಡ ಇಲ್ಲ. ಉಳಿದಿರುವ ಮುಖ ಇದೊಂದೇ.

“ಸಂಜೆ ದೊಡ್ಡವರು ಬರ್ತಾರೆ. ಕಸದವರ ಮುಖ ನೋಡ್ಬೇಕಾ ಅವರು? ಎಲ್ಲ ಅಳಿಸು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ.”

“ಬರ್ದುಕೊಡಿ. ಬಾಯಲ್ಲಿ ಹೇಳಿ, ಆಮೇಲೆ ನಾನು ಹೇಳೇ ಇಲ್ಲ ಅಂತೀರಿ.”

ಸಾಹೇಬರು ಸಿಟ್ಟಿನಲ್ಲೇ ಗೀಚಿ, ಸೀಲು ಗುದ್ದಿ ಹೋದರು.

“ಬೋಳಿಮಗ ಹೊಟ್ಟೆಗೇ ಹೊಡ್ದ ಮಗಳೇ” ಎನ್ನುತ್ತ ಕಸದ ಗಾಡಿ ತಳ್ಳುವ ಮಾವ ಓದಿದ: “ಗೋಡೆಯ ಮೇಲಿನ ಎಲ್ಲ ಮುಖಗಳನ್ನು ಸಂಜೆಯೊಳಗೆ ತಪ್ಪದೆ ಅಳಿಸತಕ್ಕದ್ದು.”

“ಇನ್ನೊಂದ್ಸಲ ಓದು ಮಾವ.”

ಓದಿದ. ಬಣ್ಣಕ್ಕನ ತುಟಿ ಕಿವಿಯವರೆಗೂ ಹೋಯಿತು. “ನೀಲಿ ಡಬ್ಬಿ ಎಲ್ಲಿಟ್ಟೆ?”

ಸಂಜೆ ಸಾಹೇಬರು ಬಂದಾಗ ಹದಿನಾಲ್ಕು ಮುಖಗಳೂ ಇದ್ದಲ್ಲೇ ಇದ್ದವು. ಒಂದೊಂದು ಕಣ್ಣಿನಿಂದಲೂ ಹೆಬ್ಬೆರಳ ಗಾತ್ರದ ನೀಲಿ ಹನಿಗಳು ಕೆನ್ನೆಗಿಳಿದಿದ್ದವು.

“ಏನೇ ಇದು?”

“ನೀವು ಬರ್ದಂಗೇ ಸಾಹೇಬ್ರೇ. ಒಬ್ರನ್ನೂ ಬಿಡದೆ ಅಳಿಸಿದೀನಿ. ನಮ್ಮವ್ವ ಮಾತ್ರ ಸುಲಭಕ್ಕೆ ಅಳೋಳಲ್ಲ ನೋಡಿ, ಅವಳೊಬ್ಬಳಿಗೇ ಅರ್ಧ ಡಬ್ಬಿ ಹಿಡೀತು.”

ಮಾವ ಟವಲ್ಲನ್ನು ಬಾಯಿಗೆ ತುರುಕಿಕೊಂಡ.

“ಒರೆಸೇ ಅದನ್ನ.”

“ನಮ್ಗೆ ಆರ್ಡರ್ ಆಗಿರೋದು ಅಳಿಸೋಕೆ ಅಷ್ಟೇ. ಬಡವರ ಕಣ್ಣೀರು ಒರೆಸೋದು ನಿಮ್ಮ ಇಲಾಖೆ ಅಲ್ವಾ?” ಒದ್ದೆ ಬಟ್ಟೆಯನ್ನು ಅವರ ಕೈಗಿಟ್ಟಳು.

ತಿರುವಿನಲ್ಲಿ ಹಾರ್ನ್ ಕೇಳಿಸಿತು. ಸಾಹೇಬರು ಓಡಿ, ಕೈಗೆ ಸಿಕ್ಕ ಮುಖವನ್ನು ಗಸಗಸ ಉಜ್ಜತೊಡಗಿದರು. ಸಿಕ್ಕಿದ್ದು ಅವ್ವ. ಒಂದು ಕೆನ್ನೆಯ ಹಸಿ ನೀಲಿಯೆಲ್ಲ ಅವರ ಮೊಣಕೈವರೆಗೆ ಇಳಿಯಿತು. ಎಂದೋ ಒಣಗಿದ ಅವ್ವ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಕಾರುಗಳು ನಿಂತವು. ಮುಂದಿನದರ ಗಾಜು ಇಳಿಯಿತು. ಪೊರಕೆಯವರೆಲ್ಲ ಬಂದು ತಮ್ಮ ತಮ್ಮ ಮುಖದ ಕೆಳಗೆ ನಿಂತರು. ಬಣ್ಣಕ್ಕ ಅವ್ವನ ಕೆಳಗೆ, ಸಾಹೇಬರ ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳಿದಳು:

“ಇನ್ನೊಂದು ಕೆನ್ನೆ ಉಳೀತು ಸಾಹೇಬ್ರೇ.”