ಕಾಕಾ ಅಂದರೆ ಯಾರು

“ಕಾಕಾ!” ಎಂದಳು ಮೇಧಾ, ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ ಫೋಟೋಕ್ಕೆ ಬೆರಳು ತೋರಿಸಿ, ಬಾಯ್ತುಂಬ ನಗುತ್ತ.

ಗೊತ್ತಿರುವ ಉತ್ತರವನ್ನೇ ಕೇಳಿದರಲ್ಲ ಎಂಬ ಖುಷಿ ಹುಡುಗಿಗೆ. ಪರದೆಯ ಆ ಬದಿಯಲ್ಲಿ ಕೂತಿದ್ದ ದುಭಾಷಿ ಹೆಂಗಸು ಪಕ್ಕದ ಅಧಿಕಾರಿಯ ಕಡೆ ತಿರುಗಿ “ಅಂಕಲ್” ಎಂದಳು. ಅಷ್ಟೇ, ಒಂದೇ ಮಾತು. ಮಗಳ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದ ಆರತಿ ಮುಂದಕ್ಕೆ ಬಗ್ಗಿದಳು.

“ಅಲ್ಲರೀ ಮೇಡಂ, ಅಂಕಲ್ ಅಲ್ಲರೀ! ಅವರು ಅಕಿ ಅಪ್ಪ. ಕಾಕಾ ಅಂದ್ರ...”

“ತಾಯಿಯವರು ದಯವಿಟ್ಟು ಮಾತಾಡಬೇಡಿ,” ಎಂದಳು ದುಭಾಷಿ. ಅವಳದು ಬೆಂಗಳೂರು ಕಡೆಯ ನುಣುಪು ಕನ್ನಡ. “ಮಗು ಮಾತ್ರ ಉತ್ತರ ಹೇಳಬೇಕು. ಮೊದಲೇ ತಿಳಿಸಿದ್ದೀವಲ್ವಾ?”

ತಿಳಿಸಿದ್ದರು, ಖರೆ. ಆದರೆ ಇಂಥ ಸರಳ ಪ್ರಶ್ನೆಗೆ ಇಂಥ ಉತ್ತರ ಬಂದೀತೆಂದು ಯಾರು ಕಂಡಿದ್ದರು! ಫೋಟೋದಲ್ಲಿದ್ದವನು ಸುಮೇಧ, ಆರತಿಯ ಗಂಡ, ಮೇಧಾಳ ಅಪ್ಪ. ಸಮುದ್ರದಾಚೆಯ ಒಂದು ನಡುಗಡ್ಡೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವ ಕೆಲಸ ಅವನದು. ಅವನು ಹೋದಾಗ ಮಗಳಿಗೆ ಮಾತು ಬಂದಿರಲಿಲ್ಲ, ಈಗ ಒಂದನೇ ಇಯತ್ತೆ. ಹೆಂಡತಿ ಮಗಳನ್ನು ಅಲ್ಲಿಗೆ ಕರೆಸಿಕೊಳ್ಳಲು ಅನುಮತಿ ಬೇಕು, ಆ ಅನುಮತಿಗಾಗಿಯೇ ಈ ಸಂದರ್ಶನ. ಗಜೇಂದ್ರಗಡದ ಆ ಮನೆಯ ಪಡಸಾಲೆಯಲ್ಲಿ ಬೆಳಗಿನಿಂದ ಯಾರೂ ಗಟ್ಟಿಯಾಗಿ ಕೆಮ್ಮಿರಲೂ ಇಲ್ಲ.

ಇನ್ನು ಅಪ್ಪನನ್ನು ಕಾಕಾ ಎನ್ನುವುದೋ? ಈ ಕಡೆಯ ಕೂಡುಮನೆಗಳಲ್ಲಿ ಅದೇನು ಅಪರೂಪವಲ್ಲ ಬಿಡಿ. ಸುಮೇಧನ ಅಣ್ಣ ನರಸಿಂಹನಿಗೆ ಇಬ್ಬರು ಮಕ್ಕಳು. ಅವರಿಗೆ ಸುಮೇಧ ಚಿಕ್ಕಪ್ಪ, ಅಂದರೆ ಕಾಕಾ. ಫೋನು ಬಂತೆಂದರೆ ಅವರು “ಕಾಕಾ, ಕಾಕಾ” ಎಂದು ಮುಗಿಬೀಳುವುದು, ನಡುವೆ ತಲೆ ತೂರಿಸಿ ಮೇಧಾಳೂ “ಕಾಕಾ” ಎನ್ನುವುದು. ಹಾಗೆಯೇ ಅವರು ನರಸಿಂಹನನ್ನು ಅಪ್ಪಾ ಎಂದರೆ ಇವಳಿಗೂ ಅವನು ಅಪ್ಪಾ. ಯಾರೂ ತಿದ್ದಲಿಲ್ಲ. ತಿದ್ದುವಂಥದ್ದು ಏನಿತ್ತು ಅದರಲ್ಲಿ?

“ಹಾಗಾದ್ರೆ ನಿಮ್ಮಪ್ಪ ಎಲ್ಲಿದ್ದಾರೆ ಪುಟ್ಟಾ?” ದುಭಾಷಿ ಕೇಳಿದಳು.

ಹಾಳಾದ ಗಳಿಗೆ ಎಂದರೆ ಇದೇ ಇರಬೇಕು. ಲ್ಯಾಪ್‌ಟಾಪಿನ ಚಾರ್ಜು ಮುಗಿಯುತ್ತಿದೆಯೆಂದು ನರಸಿಂಹ ಅದೇ ಹೊತ್ತಿಗೆ ವೈರು ಹಿಡಿದುಕೊಂಡು, ಸಪ್ಪಳ ಮಾಡದೆ, ಬಗ್ಗಿಕೊಂಡು ಒಳಗೆ ಬಂದ. ಪರದೆಯಲ್ಲಿ ಅವನ ಬಿಳಿ ಪೈಜಾಮ, ಬನಿಯನ್ನು ಕಂಡವು. ಮೇಧಾ ಕುಣಿದಳು.

“ಇಲ್ಲೇ ಇದ್ದಾನಲ್ಲ! ಅಪ್ಪಾ, ಅವರಿಗೆ ಟಾಟಾ ಮಾಡು!”

ನರಸಿಂಹ ಬಗ್ಗಿದಲ್ಲೇ ಕಲ್ಲಾದ. ಕಾಲೇಜಿನಲ್ಲಿ ನೂರಾರು ಹುಡುಗರಿಗೆ ಗಣಿತ ಹೇಳುವ ಗಟ್ಟಿ ಗಂಟಲಿನ ಮನುಷ್ಯ ಕೈಯಲ್ಲಿದ್ದ ವೈರನ್ನೇ ನೋಡತೊಡಗಿದ. ಅಧಿಕಾರಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದ, ಆಮೇಲೆ ಆರತಿಯನ್ನು ನೋಡಿದ. ಆ ನೋಟಕ್ಕೆ ಅವಳ ಮೈಯೆಲ್ಲ ಉರಿದುಹೋಯಿತು.

ಇನ್ನೆಲ್ಲಿಯ ನಿಯಮ! ಆರತಿ ಮಾತಾಡಿಯೇಬಿಟ್ಟಳು. “ಮೇಡಂ, ನಮ್ಮ ಕಡೆ ಕೂಡಿದ ಮನ್ಯಾಗ ಹಿಂಗ ಇರ್ತದರೀ. ಇವರು ನನ್ನ ಭಾವನವರು. ಇವರ ಮಕ್ಕಳು ಅಂದಂಗ ಇಕಿನೂ ಅಂತಾಳ. ನಾವೆಲ್ಲಾ ಒಂದ ಮನ್ಯಾಗ ಇರ್ತೀವರೀ, ಅದಕ್ಕ...”

“ಒಂದೇ ಮನೇಲಾ? ನಿಮ್ಮ ಗಂಡ ಅಲ್ಲಿದ್ದಾಗ ನೀವು ಮತ್ತು ಇವರು ಒಂದೇ ಮನೇಲಿ ಇರ್ತೀರಾ?”

“ಹೌದ್ರೀ, ಎಲ್ಲಾರೂ...”

ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. “ಎಲ್ಲಾರೂ” ಎಂಬುದು ದಾರಿಯಲ್ಲೇ ಬಿದ್ದುಹೋಯಿತು. ಬಾಗಿಲ ಹಿಂದೆ ನಿಂತಿದ್ದ ನರಸಿಂಹನ ಹೆಂಡತಿ, ಆರತಿ ವೈನಿ ಎಂದು ಕರೆಯುವವಳು, ಅಷ್ಟೊತ್ತು ಬಾಯಿಗೆ ಸೆರಗು ಹಿಡಿದು ನಗು ತಡೆಯುತ್ತಿದ್ದವಳು, ನಗುವುದನ್ನು ನಿಲ್ಲಿಸಿದಳು.

“ಜನ್ಮ ದಾಖಲೆ ನೋಡ್ರಿ ಮೇಡಂ, ಅದರಾಗ ಅಪ್ಪನ ಹೆಸರು ಸ್ವಚ್ಛ ಬರದದ!” ಎಂದಳು ಆರತಿ.

ಅಧಿಕಾರಿ ಏನೋ ಹೇಳಿದ. ದುಭಾಷಿ ಅದನ್ನು ತುಸು ಸಂಕೋಚದಿಂದಲೇ ಹೇಳಿದಳು: “ಕಾಗದ ಯಾರು ಬೇಕಾದ್ರೂ ಮಾಡಿಸಬಹುದು, ಮಗು ಸುಳ್ಳು ಹೇಳಲ್ಲ ಅಂತಿದ್ದಾರೆ. ಕೇಸು ತನಿಖೆಗೆ ಹೋಗುತ್ತೆ. ಮುಗಿಯೋವರೆಗೂ ನಿಮಗೆ ಅನುಮತಿ ಇಲ್ಲ. ಸುಳ್ಳು ಸಂಬಂಧ ತೋರಿಸಿದ್ದಾರೆ ಅಂತ ಆದ್ರೆ, ನಿಮ್ಮ ಯಜಮಾನರ ಕೆಲಸದ ಪರವಾನಿಗೆನೂ ಹೋಗಬಹುದು.”

ಪರದೆ ಕಪ್ಪಾಯಿತು. ಆರತಿಗೆ ಅಳು ಬರಲಿಲ್ಲ, ಅಳುವುದಕ್ಕೂ ಏನಾಯಿತೆಂದು ತಿಳಿಯಬೇಕಲ್ಲ! ಎರಡು ಮಾತಿನಲ್ಲಿ ಗಂಡ ಯಾರೋ ಆದ, ಭಾವ ಇನ್ಯಾರೋ ಆದ, ತಾನು ಎಂಥವಳೋ ಆದಳು. ಅದೂ ತನ್ನ ಮಗಳ ಬಾಯಿಂದ.

“ಯಾಕಂದಿ ಹಂಗ?” ಎಂದು ಮೇಧಾಳ ಬೆನ್ನಿಗೆ ಒಂದು ಬಿಟ್ಟೇಬಿಟ್ಟಳು. ಹುಡುಗಿ ಬೆಚ್ಚಿ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿತು.

“ಹುಚ್ಚು ಹಿಡೀತೇನ ನಿನಗ?” ಅತ್ತೆ ಗಂಗಾಬಾಯಿ ಮೊಮ್ಮಗಳನ್ನು ಬಾಚಿಕೊಂಡರು. “ನಿನ್ನ ಗಂಡ ತಮ್ಮಪ್ಪಗ ಅವರು ಸಾಯೂತನಕ ಅಣ್ಣಾ ಅಂದ. ಕಾಕಂದಿರು ಅಂತಿದ್ರು, ಇವನೂ ಅಂದ. ಹಂಗಂತ ಅವರು ಇವಗ ಅಣ್ಣ ಆದರೇನ? ಬೆಂಕಿ ಹಚ್ಚಲಿ ಆ ಸರಕಾರಕ್ಕ!”

ಬೆಂಕಿ ಹಚ್ಚುವುದೆಲ್ಲಿ ಬಂತು? ಆ ಸರಕಾರ ಬರಲೆಂದು ಹೇಳಿದವರಲ್ಲಿ ಅವರ ಮಗನೂ ಒಬ್ಬ. ಮೊದಲು ನಡುಗಡ್ಡೆಗೆ ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ನಡುಗಡ್ಡೆಯ ಸರಕಾರವೇ ನೋಡಿಕೊಳ್ಳುತ್ತಿತ್ತು. ಪರವಾನಿಗೆ ಕೊಡುವ ಕಚೇರಿಯ ಡೋರಾ ಎಂಬ ಮುದುಕಿಗೆ ಸುಮೇಧನ ವಾರ್ಡಿನಲ್ಲೇ ಡಯಾಲಿಸಿಸ್. ಮಲಗಿದಲ್ಲಿಂದಲೇ ವಿಡಿಯೋದಲ್ಲಿ ಮೇಧಾಳನ್ನು ನೋಡಿ, ಕಾಕಾ ಎಂದರೇನೆಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕವಳು ಆಕೆ. ಹೆಂಡತಿ ಮಗಳನ್ನು ಕರೆಸಿಕೋ, ಮುದ್ರೆ ನಾನು ಒತ್ತುತ್ತೇನೆ ಎಂದಿದ್ದಳಂತೆ. ಅದೇ ಡೋರಾ, ತನ್ನ ಅಳಿಯನ ಎದುರು ಬಾಯಿ ಮಾಡಿದನೆಂದು ಒಬ್ಬ ನೇಪಾಳಿ ಅಡಿಗೆಯವನ ಪರವಾನಿಗೆ ಕಿತ್ತು ಅವನನ್ನು ವಾಪಸ್ಸು ಹಡಗು ಹತ್ತಿಸಿದ್ದಳು ಕೂಡ.

ಹೀಗಾಗಿ, ಈ ಅಧಿಕಾರವನ್ನು ದೇಶದ ದೊಡ್ಡ ಸರಕಾರಕ್ಕೆ ಒಪ್ಪಿಸಬೇಕೋ ಬೇಡವೋ ಎಂದು ನಡುಗಡ್ಡೆಯವರು ಓಟು ಹಾಕುವ ಕಾಲ ಬಂದಾಗ, ಓಟಿಲ್ಲದ ಪರದೇಶಿ ಕೆಲಸಗಾರರ ಪರವಾಗಿ ಸುಮೇಧ ಸಭೆಯಲ್ಲಿ ಎದ್ದು ನಿಂತು ಒಪ್ಪಿಸಿರಿ ಎಂದು ಹೇಳಿದ್ದ. ಆರತಿ ಆವತ್ತು ಫೋನಿನಲ್ಲಿ ಜಗಳ ತೆಗೆದಿದ್ದಳು.

“ಗುರುತಿನವರು ಇದ್ದಾಗನ ಲಗೂ ಮಾಡಿಸ್ಕೋರಿ. ಆ ದೊಡ್ಡ ಸರಕಾರಕ್ಕ ನಾವು ಯಾರಂತ ಗೊತ್ತರೇ ಅದ ಏನು?”

“ಗೊತ್ತಿರಬಾರದು ಆರತಿ. ಗುರುತಿದ್ದವರಿಗೆ ಒಂದು, ಇಲ್ಲದವರಿಗೆ ಒಂದು ಅಂದ್ರ ಅದು ಕಾಯ್ದೆ ಹ್ಯಾಂಗಾತು? ಆ ನೇಪಾಳಿ ಏನ್ ತಪ್ಪು ಮಾಡಿದ್ದ ಹೇಳು?”

ಕೊನೆಗೆ ನಡುಗಡ್ಡೆಯವರು ಅಧಿಕಾರವನ್ನು ದೊಡ್ಡ ಸರಕಾರಕ್ಕೇ ಒಪ್ಪಿಸಿದರು, ಇವತ್ತಿನ ಅಧಿಕಾರಿ ಅದರವನೇ. ಈಗ ಆರತಿಗೆ ಗಂಡ ಹೇಳಿದ್ದು ತಪ್ಪೆಂದು ಕೂಗಬೇಕೆನಿಸಿತು, ಆದರೆ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಆಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ನರಸಿಂಹ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ, ಹಾಳೆ ತಿರುವಿದ್ದನ್ನು ಯಾರೂ ಕಾಣಲಿಲ್ಲ. ಆರತಿ ಎದುರಾದರೆ ಮುಖ ಆಚೆ ತಿರುಗಿಸಿದ. ವೈನಿ ಎಲ್ಲರಿಗೂ ಜುಣಕ, ರೊಟ್ಟಿ ಬಡಿಸಿದಳು. ಆರತಿಯ ತಾಟಿಗೆ ಬಂದಾಗ “ಬೇಕೇನು?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವಳೇ ಅಲ್ಲ, ಬೇಡ ಎಂದರೂ ಹಾಕುವವಳು.

ಕೊನೆಗೆ ನರಸಿಂಹನೇ ಒಳಗೆ ಬಂದು ಮೇಧಾಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಪುಟ್ಟೀ, ಇವತ್ತಿನಿಂದ ನನಗ ದೊಡ್ಡಪ್ಪ ಅನ್ನಬೇಕು. ಅನ್ನು ನೋಡೋಣು?”

“ಯಾಕ? ನೀ ಅಪ್ಪ ಅಲ್ಲೇನು?”

“ದೊಡ್ಡಪ್ಪ ನಾನು. ಫೋನಿನ್ಯಾಗ ಬರ್ತಾರಲ್ಲ, ಅವರು ಅಪ್ಪ. ಅವರು ನಿನ್ನ ಖರೇ ಅಪ್ಪ.” ಅವನು ಎದ್ದು ಕನ್ನಡಕ ಒರೆಸಿಕೊಳ್ಳುತ್ತ ಹಿತ್ತಿಲಿಗೆ ಹೋದ.

ಇನ್ನೊಮ್ಮೆ ಸಂದರ್ಶನಕ್ಕೆ ಕರೆದರೆ? ಆರತಿ ಮಗಳನ್ನು ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಶುರು ಮಾಡಿದಳು. ಫೋಟೋ ತೋರಿಸುವುದು, ಯಾರು ಎಂದು ಕೇಳುವುದು. ಕಾಕಾ ಎಂದು ಬಾಯಿಗೆ ಬಂದದ್ದನ್ನು ಹುಡುಗಿ ನುಂಗಿಕೊಂಡು ತಾಯಿಯ ಕೈ ನೋಡುತ್ತಿತ್ತು, ಎಲ್ಲಿ ಹೊಡೆಯುತ್ತಾಳೋ ಎಂದು. ಆರತಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಬಿಡಲಿಲ್ಲ. ಹೊಸ ಫೋಟೋ, ಮದುವೆಯ ಫೋಟೋ, ಮೀಸೆ ಇರುವುದು, ಇಲ್ಲದ್ದು, ಎಲ್ಲಕ್ಕೂ ಅಪ್ಪ, ಅಪ್ಪ, ಅಪ್ಪ. ದೊಡ್ಡವರೊಂದಿಗೆ ಮರ್ಯಾದೆಯಿಂದ ಮಾತಾಡಬೇಕೆಂದು ಗಂಗಾಬಾಯಿ ತಮ್ಮದೂ ಒಂದು ಮಾತು ಸೇರಿಸಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಮೇಧನ ಫೋನು ಬಂತು. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಪರದೆಯಲ್ಲಿ ಆಸ್ಪತ್ರೆಯ ನೀಲಿ ಅಂಗಿ, ಹಲ್ಲು ಕಾಣುವಂತೆ ನಗು.

“ಹ್ಯಾಂಗಾತು? ಬರೋದು ಪಕ್ಕಾನೋ ಇಲ್ಲೋ?”

ಆರತಿ ಫೋನನ್ನು ಗೋಡೆಗೆ ಒರಗಿಸಿ ಇಟ್ಟಳು. ಎಂದಿನಂತೆ ಫೋನಿಗೆ ಮುಗಿಬೀಳಲು ಬಂದ ನರಸಿಂಹನ ಮಕ್ಕಳನ್ನು ವೈನಿ ಒಳಗೆ ಕರೆದುಕೊಂಡಳು. ಮೇಧಾ ಒಬ್ಬಳೇ ಮುಂದೆ ಬಂದಳು. ಸಾಲೆಯಲ್ಲಿ ಪ್ರಾರ್ಥನೆಗೆ ನಿಂತಂತೆ ಕೈ ಜೋಡಿಸಿ ನೆಟ್ಟಗೆ ನಿಂತಳು.

“ನಮಸ್ಕಾರರೀ ಅಪ್ಪಾ. ಆರಾಮ ಇದ್ದೀರೇನ್ರಿ?”

ಸುಮೇಧ ಹೋ ಎಂದು ನಕ್ಕ. ಈ ಕಡೆ ಯಾರೂ ನಗದಿರುವುದನ್ನು ಕಂಡು ನಗು ನಿಲ್ಲಿಸಿದ.

“ಯಾರಿಗೆ ಕೇಳ್ಲಿಕತ್ತೀ ಪುಟ್ಟೀ? ನಾ ಕಾಕಾ ಇದ್ದೀನಿ. ನಿನ್ನ ಕಾಕಾ. ಗುರುತು ಸಿಗಲಿಲ್ಲೇನು?”

ಮೇಧಾ ಅವನನ್ನು ನೋಡಲಿಲ್ಲ. ಸರಿಯಾಯಿತೇ ಎಂದು ತಾಯಿಯ ಮುಖ ನೋಡಿದಳು. ಆರತಿ ಹೂಂ ಎಂದು ತಲೆಯಾಡಿಸಿದಳು.